ಕೈ ಹಿಡಿದ ಮೇಲೆ

ಜುಲೈ 13, 2025, ರವಿವಾರ
ಕಾರವಾರ

ಉದ್ದನೆ ಹುಡುಗನ ತಾಯಿ ಈ ಸಲ ಸಂಘದ ಮೀಟಿಂಗಿಗೆ ಬಂದಿರಲಿಲ್ಲ. ಬೆಳಿಗ್ಗೆ ಮೀನು ಮಾರ್ಕೆಟ್ ಹತ್ತಿರ ಸಿಕ್ಕಳು. ಯಾಕೆ ಬರಲಿಲ್ಲ ಅಂತ ಕೇಳಿದೆ. "ಮಗ ಬೇಡ ಅಂದ, ಅಕ್ಕೋರೆ" ಅಂದಳು. ನಗುತ್ತಲೇ ಅಂದಳು. ಆ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಬೆಳಗಿನಿಂದ ಅದೇ ಕಾಡುತ್ತಿದೆ.

ಹೆಸರು ಬರೆಯುವುದಿಲ್ಲ. ಶೆಡ್ಡಿಗೆ ಬರುವ ಹುಡುಗರ ಹೆಸರು ಇಲ್ಲಿ ಯಾವತ್ತೂ ಬರೆದಿಲ್ಲ. ಉದ್ದನೆ ಹುಡುಗ ಅಂತಿಟ್ಟುಕೊಳ್ಳಿ. ಉದ್ದ ಇರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಯಾರಂತ ಗೊತ್ತಾಗುವುದಿಲ್ಲ.

ಈಗ ಬೋಟು ಬಂದ್ ಇರುವ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಸಮಯ, ಕಡಲಿಗೂ ರಜೆ ಬೇಕು, ಸರಿಯೇ. ಆದರೆ ಕಡಲಿಗೆ ರಜೆ ಸಿಕ್ಕ ಕೂಡಲೇ ಗಂಡಸರೆಲ್ಲ ಮನೆಯಲ್ಲಿರುತ್ತಾರೆ. ಕೈಯಲ್ಲಿ ದುಡ್ಡಿಲ್ಲ, ಹೊರಗೆ ಮಳೆ, ಒಂದೇ ಕೋಣೆಯ ಮನೆ. ನಮ್ಮ ಮೀನುಗಾರರ ಕೇರಿ ಬೈತಖೋಲದ ಮಕ್ಕಳಿಗೆ ಈ ಎರಡು ತಿಂಗಳು ಬಹಳ ಉದ್ದ. ಮಾಸ್ತರರೂ ನಾನೂ ಶೆಡ್ಡು ಶುರು ಮಾಡಿದ್ದೇ ಇದಕ್ಕೆ. ಸಂಜೆ ಬಾ, ಓದು, ಕೇರಂ ಆಡು, ಬಲೆ ಹೊಲಿ, ಸುಮ್ನೆ ಕೂತಿದ್ದರೂ ಸರಿ. ಮನೆಯಲ್ಲಿ ಗಲಾಟೆ ನಿಂತ ಮೇಲೆ ಹೋಗು.

ಯಾರನ್ನೂ ಏನೂ ಕೇಳುವುದಿಲ್ಲ ಅನ್ನುವುದು ಮಾಸ್ತರರ ಕಾನೂನು. ಕೇಳದೆ ಬಿಟ್ಟರೆ ಅವರೇ ಹೇಳುತ್ತಾರೆ. ಮೈಮೇಲೆ ಗಾಯ ಕಂಡರೆ ಮಾತ್ರ ಆ ಕಾನೂನು ನಡೆಯುವುದಿಲ್ಲ. ಆಗ ಮಕ್ಕಳ ಸಹಾಯವಾಣಿ 1098, ಆಮೇಲೆ ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ನಾವು ನಂಟು, ನೆರೆಹೊರೆ ನೋಡುವುದಿಲ್ಲ.

ಉದ್ದನೆ ಹುಡುಗನ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ರಾತ್ರಿ ಅಪ್ಪ ತಾಯಿಯ ಮೇಲೆ ಕೈ ಎತ್ತಿದ್ದಾನೆ. ಇವನು ಎದ್ದು ಹೋಗಿ ಆ ಕೈ ಹಿಡಿದಿದ್ದಾನೆ. ಮಾರನೇ ದಿನ ಶೆಡ್ಡಿನಲ್ಲಿ ಇದೇ ಸುದ್ದಿ. ಸಣ್ಣವರೆಲ್ಲ ಅವನ ಸುತ್ತ ಕೂತಿದ್ದರು. ಕಬಡ್ಡಿಯಲ್ಲಿ ಗೆದ್ದು ಬಂದವನಿಗೆ ಸಿಗುವ ಮರ್ಯಾದೆ.

ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದ.

"ನಾನೇನು ಹೊಡಿಲಿಲ್ಲ ಅಕ್ಕೋರೆ. ಹಿಡ್ದೆ ಅಷ್ಟೇ."

"ಅಪ್ಪ ಏನ್ ಮಾಡ್ದ?"

"ಏನೂ ಮಾಡ್ಲಿಲ್ಲ. ನನ್ ಮುಖ ನೋಡ್ದ. ಆಮೇಲೆ ಕೂತ."

ಸ್ವಲ್ಪ ಹೊತ್ತು ಸುಮ್ಮನಿದ್ದ. ತನ್ನ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು ಅಳತೆ ನೋಡುತ್ತಿದ್ದ. ಹೆಬ್ಬೆರಳೂ ನಡುಬೆರಳೂ ಮುಟ್ಟಲಿಲ್ಲ.

"ಅಪ್ಪನ ಕೈ ಎಷ್ಟು ಸಣ್ಣ ಇತ್ತು ಗೊತ್ತಾ? ಬೆರಳು ಸುತ್ತ ಬಂತು. ಇಷ್ಟು ವರ್ಷ ಇದಕ್ಕಾ ನಾವು ಹೆದರ್ತಿದ್ದದ್ದು?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಖುಷಿಯಾಯಿತು, ನಿಜ ಹೇಳಬೇಕಲ್ಲ. ಅವಳು ಆ ರಾತ್ರಿ ಪೆಟ್ಟು ತಿನ್ನದೆ ಮಲಗಿದಳು. ಅದಕ್ಕಿಂತ ದೊಡ್ಡದು ಯಾವ ಭಾಷಣದಿಂದ ಆಗುತ್ತದೆ?

ಭಾಷಣ ಅಂದಾಗ ನೆನಪಾಯಿತು. ಶುಕ್ರವಾರ ಊರಿನಲ್ಲಿ ಲಿಂಗ ಸಮಾನತೆಯ ಮೇಲೆ ಒಂದು ಸಭೆ ಇತ್ತು. ಮಾತಾಡಿದ ಹುಡುಗಿ ಚೆನ್ನಾಗಿಯೇ ಮಾತಾಡಿದಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಕೊಟ್ಟಳು. ಗಂಡನಿಂದ ಹಿಂಸೆ ಕಂಡ ಹೆಂಗಸರು ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ನಾವು ಮುಂದೆ. ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಅಂದ ಗಂಡಸರು ಶೇ 80 ದಾಟಿದ್ದಾರೆ. ಹೆಂಗಸರೂ ಹಿಂದೆ ಬಿದ್ದಿಲ್ಲ, ಶೇ 77. ಕಾರಣ ಯಾವ್ಯಾವುದು ನೋಡಿ. ಹೇಳದೆ ಹೊರಗೆ ಹೋದಳು, ಎದುರು ಮಾತಾಡಿದಳು, ಅಡುಗೆ ಸರಿ ಮಾಡಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ತರುಣ ಎದ್ದ. ಗಂಡಸರಿಗೆ ಪೆಟ್ಟು ಬೀಳುವುದಿಲ್ಲವಾ, ಸುಳ್ಳು ಕೇಸು ಇಲ್ಲವಾ, ನಮಗೆ ಯಾವ ಕಾನೂನಿದೆ ಅಂತ. ಗಲಾಟೆಯಾಯಿತು. ಮುಂದಿನ ಸಾಲಿನ ಒಬ್ಬರು ಬಾಯಿ ಮುಚ್ಚಿ ಕೂರಪ್ಪಾ ಅಂದರು. ಅವನು ಎದ್ದು ಹೋದ. ಚಹಾ ಬಂತು.

ಅವನ ಕಾನೂನಿನ ಪ್ರಶ್ನೆ ನನಗೆ ದೊಡ್ಡದಾಗಿ ಕಾಣಲಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಗಸರಿಗೆ ಅಂತಲೇ ಯಾಕೆ ಬಂತು ಅನ್ನುವುದು ಆ 44ರಲ್ಲೇ ಇದೆ. ಆದರೆ ಅವನು ಸಣ್ಣವನಿದ್ದಾಗ ಯಾರ ಕೈಯಲ್ಲಿ ಪೆಟ್ಟು ತಿಂದಿದ್ದ ಅಂತ ಕೇಳಬೇಕು ಅನ್ನಿಸಿತು. ಯಾಕೆಂದರೆ ಕೇಂದ್ರ ಸರ್ಕಾರ 2007ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಒಂದು ಅಧ್ಯಯನ ಹೊರತಂದಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳು. ಲೈಂಗಿಕ ದೌರ್ಜನ್ಯದಲ್ಲೂ ಗಂಡುಮಕ್ಕಳೇ ಸ್ವಲ್ಪ ಹೆಚ್ಚು. 2012ರ ಪೋಕ್ಸೋ ಕಾಯ್ದೆ ಗಂಡು, ಹೆಣ್ಣು ಅಂತ ಭೇದ ಮಾಡದೆ ಎಲ್ಲ ಮಕ್ಕಳಿಗೂ ಇದೆ. ಇದನ್ನು ಆ ವೇದಿಕೆಯಿಂದ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅವನು ಎದ್ದು ಹೋಗುತ್ತಿರಲಿಲ್ಲವೇನೋ. ಹೋಗುತ್ತಿದ್ದನೋ ಏನೋ. ಕೆಲವರು ಎದ್ದು ಹೋಗಲಿಕ್ಕೆ ಅಂತಲೇ ಬರುತ್ತಾರೆ.

ಎಲ್ಲ ಕುಡಿತದಿಂದ ಅನ್ನುವವರೂ ಇದ್ದರು. ಅಂಕೋಲೆಯ ಸುಕ್ರಿ ಅಜ್ಜಿಯ ಹೆಸರು ಎತ್ತಿದರು. ಅಜ್ಜಿ ಈ ಫೆಬ್ರುವರಿಯಲ್ಲಿ ತೀರಿಕೊಂಡರು, ನೆನೆದದ್ದು ಒಳ್ಳೆಯದೇ ಆಯಿತು. ಬಡಗೇರಿಯ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. ರಾಜ್ಯದಲ್ಲಿ ಸಾರಾಯಿ 2007ರಲ್ಲೇ ಬಂದ್ ಆಯಿತು. ಆದರೆ ಮಾಜಾಳಿ ದಾಟಿದರೆ ಗೋವಾ ಇದೆ, ಕುಡಿಯುವವನಿಗೆ ಏನು ಕೊರತೆ? ನನಗೆ ಒಂದು ಮಾತ್ರ ಅರ್ಥವಾಗುವುದಿಲ್ಲ. ಕುಡಿದರೆ ಮೈಮೇಲೆ ಎಚ್ಚರ ಇರುವುದಿಲ್ಲ ಅಂತಾರೆ. ಹಾಗಿದ್ದರೆ ಬೋಟಿನ ಮಾಲೀಕನಿಗೆ ಹೊಡೆದವರನ್ನು ನಾನು ಯಾಕೆ ಇನ್ನೂ ನೋಡಿಲ್ಲ?

ಕರೆಂಟ್ ಹೋಗಿ ಬಂತು. ಅತ್ತೆ ಒಣ ಬಂಗಡೆ ಸುಡುತ್ತಿದ್ದಾರೆ, ಮನೆ ತುಂಬ ಹೊಗೆ. ಗಂಜಿಗೆ ಇದು ಬಿಟ್ಟರೆ ಬೇರೇನೂ ಬೇಡ.

ಸಂಜೆ ಉದ್ದನೆ ಹುಡುಗ ಶೆಡ್ಡಿಗೆ ಬಂದಿದ್ದ. ಮಳೆ ಜೋರು, ಜನ ಕಡಿಮೆ. ಬಲೆಯ ಒಂದು ಹರಿದ ಮೂಲೆ ಹಿಡಿದು ಹೊಲಿಯುತ್ತಿದ್ದ. ಅವನ ಕೈ ಬಹಳ ಚುರುಕು. ನೋಡುತ್ತಾ ಕೂತರೆ ಕಣ್ಣಿಗೆ ಗಂಟು ಕಾಣುವುದೇ ಇಲ್ಲ, ಒಮ್ಮೆಲೇ ಬಲೆ ಕಾಣುತ್ತದೆ. ಸಂಘದ ವಿಷಯ ಕೇಳಿದೆ.

"ಅಲ್ಲಿ ಹೋಗಿ ಮನೆ ಮಾತೆಲ್ಲ ಆಡ್ತಾಳೆ" ಅಂದ.

"ಮತ್ತೆ ಅಕ್ಕನ ಮೊಬೈಲ್?" ಅಂದೆ. ಅಕ್ಕ ಪಿಯುಸಿ ಎರಡನೇ ವರ್ಷ. ಮೊಬೈಲ್ ಈಗ ಇವನ ಹತ್ತಿರ ಇದೆ ಅಂತ ತಾಯಿಯೇ ಬೆಳಿಗ್ಗೆ ಹೇಳಿದ್ದಳು. ಓದಲಿಕ್ಕೆ ಬೇಕಾದರೆ ಕೊಡುತ್ತಾನಂತೆ, ಆಮೇಲೆ ನೋಡಿ ವಾಪಸ್ ಇಟ್ಟುಕೊಳ್ಳುತ್ತಾನಂತೆ. ಕೋಡಿಬಾಗದ ಗೆಳತಿಯ ಮನೆಗೂ ಹೋಗುವಂತಿಲ್ಲ.

"ಅವಳ ಒಳ್ಳೇದಕ್ಕೇ ಅಕ್ಕೋರೆ. ನಾಳೆ ಏನಾದ್ರೂ ಆದ್ರೆ ಯಾರು ನೋಡ್ತಾರೆ? ಅಪ್ಪ ನೋಡ್ತಾನಾ?"

"ಅಪ್ಪ ಮೊದ್ಲು ಏನ್ ಹೇಳಿ ಹೊಡಿತಿದ್ದ?"

ಸೂಜಿ ನಿಂತಿತು. ಉತ್ತರ ಅವನಿಗೆ ಗೊತ್ತು. ಅವನೇ ಒಂದು ದಿನ ನನಗೆ ಹೇಳಿದ್ದ, ನಿಮ್ಮ ಒಳ್ಳೇದಕ್ಕೇ ಅಂತ ಹೇಳಿ ಹೊಡಿತಾನೆ ಅಂತ.

"ನಾನು ಯಾರಿಗೂ ಹೊಡ್ದಿಲ್ಲ" ಅಂದ. ಧ್ವನಿ ಏರಿತ್ತು. "ಶಾಲೇಲಿ ಪ್ರತಿಜ್ಞೆ ಮಾಡಿಸಿದ್ರಲ್ಲ, ಹೆಣ್ಮಕ್ಕಳನ್ನ ಕಾಪಾಡ್ಬೇಕು ಅಂತ. ಕಾಪಾಡಿದ್ರೂ ತಪ್ಪಾ?"

ತಪ್ಪಲ್ಲ ಮಗಾ ಅಂದೆ. ಮುಂದೆ ಮಾತು ಬರಲಿಲ್ಲ.

ಆ ಪ್ರತಿಜ್ಞೆ ಎಲ್ಲ ಕಡೆ ಇದೆ. ರಕ್ಷಾಬಂಧನ ಬಂದರೆ ಅದೇ, ಮಹಿಳಾ ದಿನ ಬಂದರೆ ಅದೇ. ಹುಡುಗರಿಗೆ ಕೊಡಲಿಕ್ಕೆ ನಮ್ಮ ಹತ್ತಿರ ಇರುವುದು ಇದೊಂದೇ ಪಾಠ. ಹೊಡೆಯಬೇಡ, ಕಾಪಾಡು. ಕಾಪಾಡುವವನಿಗೆ ಬಾಗಿಲು ಹಾಕುವ ಹಕ್ಕೂ ಸಿಗುತ್ತದೆ, ಕೀಲಿಯೂ ಸಿಗುತ್ತದೆ. ಯಾರೂ ಕೊಡಬೇಕಂತಿಲ್ಲ, ತಾಯಿಯೇ ನಗುತ್ತಾ ಕೊಡುತ್ತಾಳೆ. ಇವನು ಅಪ್ಪನ ಕೈ ಹಿಡಿದ, ಒಂದು ವಾರದಲ್ಲಿ ಅಪ್ಪನ ಜಾಗದಲ್ಲಿ ಕೂತ. ಕುರ್ಚಿ ಖಾಲಿ ಇತ್ತು, ಕೂತ. ಕುರ್ಚಿಯೇ ಬೇಡ ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ?

ಮಾಸ್ತರರಿಗೆ ಇದನ್ನು ಹೇಳಿದರೆ ಅವರು ಯಕ್ಷಗಾನಕ್ಕೆ ಹೋದರು. ಅವರು ಎಲ್ಲಿಂದ ಹೊರಟರೂ ಅಲ್ಲಿಗೇ ಹೋಗುತ್ತಾರೆ. ಕೀಚಕನನ್ನು ಕೊಂದವನು ಭೀಮ, ಚಪ್ಪಾಳೆ ಎಲ್ಲ ಅವನಿಗೆ. ದ್ರೌಪದಿಯನ್ನು ಪಣಕ್ಕಿಟ್ಟವನು ಯಾರು, ಕೀಚಕನಾ? ಐದು ಜನ ಕಾಪಾಡುವವರಿದ್ದ ಮನೆ ಅಕ್ಕೋರೆ ಅದು, ಅಂದರು. ಹುಡುಗರಿಗೆ ಆ ಸಭೆಯ ಪ್ರಸಂಗ ಹೇಳಿ, ಭೀಮನಿಂದ ಶುರು ಮಾಡಬೇಡಿ, ಅವಳು ಕೇಳಿದ ಪ್ರಶ್ನೆಯಿಂದ ಶುರು ಮಾಡಿ ಅಂದರು. ನೋಡೋಣ. ಮುಂಬೈ ಕಡೆ ಕ್ರಿಕೆಟ್ ಕಲಿಸುವವರಿಂದಲೇ ಹುಡುಗರಿಗೆ ಇಂಥ ಮಾತು ಆಡಿಸುವ ‘ಪರಿವರ್ತನ್’ ಅಂತ ಒಂದು ಕಾರ್ಯಕ್ರಮ ನಡೆದಿತ್ತು. ಆಟ ಕಲಿಸುವವನ ಮಾತು ಹುಡುಗರು ಕೇಳುತ್ತಾರೆ. ನಮ್ಮ ಕಬಡ್ಡಿ ಕೋಚು ಮಾತ್ರ ಸೋತವರಿಗೆ ಬಳೆ ತೊಟ್ಟುಕೊಳ್ಳಿ ಅನ್ನುತ್ತಾನೆ. ಅವನ ಜೊತೆ ಮೊದಲು ಜಗಳ ಆಡಬೇಕು.

ಹುಡುಗ ಹೊರಟಾಗ ಮುಖ ಬಿಗಿದಿತ್ತು. ನಾಳೆ ಬರ್ತೀಯಾ ಅಂದರೆ ತಲೆ ಆಡಿಸಿದ, ಹೌದು ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ. ಆಗಸ್ಟಿನಲ್ಲಿ ಬೋಟು ಹೊರಡುತ್ತದೆ. ಅಪ್ಪನ ಬದಲು ತಾನೇ ಹೋಗುತ್ತೇನೆ ಅಂತ ಬೇರೆ ಹೇಳುತ್ತಿದ್ದಾನಂತೆ. ಹತ್ತನೇ ಕ್ಲಾಸು ಇನ್ನೂ ಶುರುವಿನಲ್ಲಿದೆ.

ತಾಯಿಗೆ, ಆ 2005ರ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ನಮ್ಮ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸೇ, ಅರ್ಜಿ ಕೊಡು, ನಾನು ಬರುತ್ತೇನೆ ಅಂತ ಹೇಳಿದ್ದೆ. ಈಗ ಏನೂ ಬೇಡವಂತೆ. ಮಗ ಇದ್ದಾನಲ್ಲ.

ಇದನ್ನು ಬರೆಯುತ್ತಿರುವಾಗ ಅವನ ಅಕ್ಕ ಯಾರದೋ ನಂಬರಿನಿಂದ ಫೋನ್ ಮಾಡಿದಳು. ಗೆಳತಿಯ ಹಳೆ ಮೊಬೈಲ್ ಒಂದು ಸಿಗುತ್ತದಂತೆ. ಮನೆಯಲ್ಲಿ ಇಡುವ ಹಾಗಿಲ್ಲ, ನಿಮ್ಮ ಹತ್ತಿರ ಇಟ್ಟುಕೊಳ್ತೀರಾ ಅಕ್ಕೋರೆ, ಸಂಜೆ ಬಂದು ಓದ್ಕೊಳ್ತೇನೆ ಅಂದಳು. ಮಾಸ್ತರರು ಕಣ್ಣು ಮುಚ್ಚಿ ಹೂಂ ಅನ್ನಿ ಅಂತಾರೆ. ನನಗೂ ಹೂಂ ಅನ್ನಬೇಕು ಅಂತಲೇ ಇದೆ. ಅವನಿಗೆ ಗೊತ್ತಾದ ದಿನ ಅವನು ಶೆಡ್ಡು ಬಿಡುತ್ತಾನೆ. ಗೊತ್ತಾಗದೆ ಇರುವುದಿಲ್ಲ, ಬೈತಖೋಲದಲ್ಲಿ ಯಾವುದು ತಾನೇ ಮುಚ್ಚಿಡಲಿಕ್ಕೆ ಆಗುತ್ತದೆ? ಅವನಿಗೆ ಮೊದಲೇ ಹೇಳಿ ಇಟ್ಟುಕೊಂಡರೆ ಹೇಗೆ? ಆದರೆ ಅವಳ ಮೊಬೈಲಿಗೆ ಅವನನ್ನು ಕೇಳುವುದು ಅಂದರೆ ನಾನೂ ಆ ತಾಯಿಯ ಹಾಗೇ ಆದೆನಲ್ಲ.