ಆಫೀಸ್ ಫೋನ್‌ಗೆ ಸ್ಪೀಚ್ ರೆಕಗ್ನಿಷನ್: ಮೂರನೇ ವಾರ

ಆಫೀಸಿಗೆ ಕರೆ ಮಾಡಿದವರ ಮಾತನ್ನು ಅಕ್ಷರಕ್ಕಿಳಿಸಲು ಮೂರು ಸರ್ವಿಸ್ ನೋಡಿ, ಒಂದನ್ನು ಆರಿಸಿ ಆಯ್ತು ಅಂತ ಹೋದ ವಾರ ಬರೆದಿದ್ದೆ. ಆ ಮಾತು ವಾಪಸ್.

ತಪ್ಪು ನನ್ನದೇ. ಲ್ಯಾಪ್‌ಟಾಪ್ ಮೈಕಿನಲ್ಲಿ ಮಾತಾಡಿ ಪರೀಕ್ಷೆ ಮಾಡಿದ್ದೆ. ಫೋನ್ ಲೈನಿನ ದನಿಯೇ ಬೇರೆ. ಫೋನ್ ದನಿಯನ್ನು ಡಿಜಿಟಲ್ ಮಾಡುವ ಜಿ.711 ಕೋಡೆಕ್ ಸೆಕೆಂಡಿಗೆ 8,000 ಸ್ಯಾಂಪಲ್ ಮಾತ್ರ ತೆಗೆದುಕೊಳ್ಳುತ್ತದೆ. ಮಾಮೂಲಿ ಲೈನಿನಲ್ಲಿ ಸುಮಾರು 300ರಿಂದ 3,400 ಹರ್ಟ್ಜ್ ಒಳಗಿನ ದನಿಯಷ್ಟೇ ದಾಟುತ್ತದೆ. 'ಸ'ಕಾರದ ಸುಸ್ಸೆನ್ನುವ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಫೋನಿನಲ್ಲಿ 'ಎಸ್' ಅಂದರೋ 'ಎಫ್' ಅಂದರೋ ನಮಗೇ ತಿಳಿಯೋದಿಲ್ಲ ಅಲ್ವಾ? ರೆಕಾರ್ಡಿಂಗನ್ನು ಸೆಕೆಂಡಿಗೆ 16,000 ಸ್ಯಾಂಪಲ್‌ಗೆ (16 ಕಿಲೋಹರ್ಟ್ಜ್) ಏರಿಸಿ ನೋಡಿದೆ. ಸುಮ್ನೆ ಫೈಲ್ ದಪ್ಪವಾಯಿತು, ಅಷ್ಟೇ.

ಈ ವಾರ ಫೋನ್ ಕರೆಗಳನ್ನು ನಡೆಸುವ ಆಸ್ಟರಿಸ್ಕ್ ಸಾಫ್ಟ್‌ವೇರ್ ಮೂಲಕವೇ 40 ಕರೆ ರೆಕಾರ್ಡ್ ಮಾಡಿಕೊಂಡೆ. ಮೊದಲೇ ಹೇಳಿ ಒಪ್ಪಿಸಿದ ಗೆಳೆಯರು. ಕೆಲವರು ಸ್ಪೀಕರ್ ಹಾಕಿ, ಕೆಲವರು ಗಾಳಿಯಲ್ಲಿ ನಡೆಯುತ್ತಾ ಮಾತಾಡಿದರು. ಎರಡು ಕಡೆಯ ದನಿಯನ್ನು ಬೇರೆ ಬೇರೆ ಚಾನೆಲ್‌ನಲ್ಲಿ ಇಟ್ಟಿದ್ದರಿಂದ ಯಾರ ಮಾತು ಯಾವುದು ಅನ್ನುವ ತಲೆನೋವು ತಪ್ಪಿತು. ಮೂರು ಸರ್ವಿಸ್‌ಗಳಲ್ಲೂ ಫೋನ್ ದನಿಗೆಂದೇ ಇರುವ ಟೆಲಿಫೋನಿ ಮಾಡೆಲ್ ಆರಿಸಿಯೇ ಓಡಿಸಿದೆ.

ಪದಗಳ ತಪ್ಪಿನ ಲೆಕ್ಕದಲ್ಲಿ ಮೊದಲನೆಯದೇ ಗೆದ್ದಿತು. ಆದರೆ ಹತ್ತು ಪದದ ಮಾತಿನಲ್ಲಿ ಒಂದೇ ತಪ್ಪು ಅಂದರೆ ಶೇ. 10. ಆ ಒಂದು, ಆರ್ಡರ್ ನಂಬರಿನ ಅಂಕಿಯೇ ಆದರೆ ಉಳಿದ ಒಂಬತ್ತು ಸರಿಯಿದ್ದು ಏನು ಬಂತು? 'ಡಬಲ್ ತ್ರೀ' ಅಂದರೆ 33 ಅಂತ ಬರೆಯದೆ 'ಡಬಲ್' ಅನ್ನೇ ನುಂಗಿಬಿಟ್ಟಿತು. ನಂಬರುಗಳನ್ನಷ್ಟೇ ಎಣಿಸಿದಾಗ ಮೂರನೆಯದು ಮುಂದೆ ಬಂತು. ಉಚಿತವಾಗಿ ಸಿಗುವ ಒಂದು ಮಾಡೆಲನ್ನೂ ನೋಡಿದೆ. ಯಾರೂ ಮಾತಾಡದ ಹೊತ್ತಿನಲ್ಲಿ ತಾನೇ ವಾಕ್ಯ ಕಟ್ಟಿ ಬರೆಯುತ್ತಿತ್ತು! ಬೇಡ.

ಜಾಸ್ತಿ ಸಮಯ ತಿಂದದ್ದು ಮೌನ. ಚೀಟಿ ನೋಡಿ ನಂಬರ್ ಓದುವವರು ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ಅರ್ಧ ಸೆಕೆಂಡ್ ಸದ್ದಿಲ್ಲದಿದ್ದರೆ ಮಾತು ಮುಗಿಯಿತು ಅಂತ ಇಟ್ಟಿದ್ದೆ. ಅರ್ಧ ನಂಬರ್ ಬಂತು. ಒಂದೂವರೆ ಸೆಕೆಂಡ್ ಮಾಡಿದೆ. ಈಗ 'ಹೌದು' ಅಂದವರು ಕಾದು ಕಾದು 'ಹಲೋ? ಹಲೋ?' ಅಂದರು. ಅದನ್ನೂ ಉತ್ತರಕ್ಕೆ ಸೇರಿಸಿ ಬರೆದುಕೊಂಡಿತು. ಪ್ರಶ್ನೆಗೆ ತಕ್ಕಂತೆ ಈ ಸಮಯ ಬದಲಿಸಲು ಬಿಡುವುದು ಮೂರನೆಯದು ಮಾತ್ರ.

ಹಾಗಾಗಿ ಮೂರನೆಯದನ್ನೇ ಜೋಡಿಸಿದ್ದೇನೆ. ಎರಡು ಸಲ ತಪ್ಪಿದರೆ ಕೀಪ್ಯಾಡ್ ಒತ್ತಲು ಕೇಳುತ್ತದೆ. ಕರೆ ಮಾಡಿದವರು ಪ್ರಶ್ನೆ ಮುಗಿಯುವ ಮೊದಲೇ ಮಾತಾಡಿದರೆ ರೆಕಾರ್ಡೆಡ್ ದನಿ ನಿಲ್ಲಬೇಕು. ಅದು ಇನ್ನೂ ಆಗಿಲ್ಲ.