ಯಾವ ರೈತ?

ಸೊಲ್ಲಾಪುರದ ಸೂಪರ್‌ಮಾರ್ಕೆಟಿನಲ್ಲಿ ಬೇಳೆ ತಗೊಳ್ಳುವಾಗ 2022ರ ಜನವರಿ ನೆನಪಾಯಿತು. 100 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳಲ್ಲಿ ವೈನ್ ಮಾರಲು ಮಹಾರಾಷ್ಟ್ರ ಸಂಪುಟ ಒಪ್ಪಿತ್ತು. ದ್ರಾಕ್ಷಿ ರೈತರಿಗೆ ಒಳ್ಳೆಯದು ಅಂದಿತು ಸರ್ಕಾರ. ಅಣ್ಣಾ ಹಜಾರೆ ಉಪವಾಸ ಕೂರುವುದಾಗಿ ಎಚ್ಚರಿಸಿದರು.

ನಾನೂ ದ್ರಾಕ್ಷಿ ಬೆಳೆಯುವ ಮನೆಯವಳೇ, ವಿಜಯಪುರ ಕಡೆಯವಳು. ನಮ್ಮ ತೋಟದ ಥಾಮ್ಸನ್ ತಳಿಯ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ ಆಗುತ್ತದೆ. ವೈನಿಗೆ ಬೇಕಾದ ತಳಿಗಳೇ ಬೇರೆ, ಅವು ಹೆಚ್ಚಾಗಿ ನಾಶಿಕದ ಕಡೆ. ರೈತರ ಹೆಸರು ಹೇಳಿದಾಗೆಲ್ಲ ‘ಯಾವ ರೈತ?’ ಎಂದು ಕೇಳಬೇಕನಿಸುತ್ತದೆ.

ನಾಶಿಕದ ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯುವ ಮನಸ್ಸು ನನಗಿಲ್ಲ, ವೈನಿಗೆ ಅದರದೇ ಅಂಗಡಿ ಇರಲಿ. ಅಕ್ಕಿ-ಎಣ್ಣೆಯ ಸಾಲಿನಲ್ಲಿ ಮಾತ್ರ ಬೇಡ. ಇವತ್ತು ಆ ಸಾಲುಗಳ ನಡುವೆ ಗಾಡಿ ತಳ್ಳುತ್ತಿದ್ದವಳು ನನ್ನ ಒಂಬತ್ತು ವರ್ಷದ ಮಗಳು.