ಎರಡನೆಯ ಪಂಪ್

ಹುಬ್ಬಳ್ಳಿ, 18 ಜೂನ್ 2024, ಮಂಗಳವಾರ

ಮಕ್ಕಳ ಹೃದಯ ವಿಭಾಗದ ಪ್ರಸ್ತಾವಕ್ಕೆ ಇಂದಿನ ಸಭೆಯಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು. ಹೃದಯದ ಸ್ಕ್ಯಾನ್ ಮಾಡುವ ಎಕೋ ಯಂತ್ರಕ್ಕೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರಕ್ಕೆ, ಆರು ಹಾಸಿಗೆಗಳ ಐಸಿಯುಗೆ ಹಣವಿದೆ. ಹುಟ್ಟುವ ಸಾವಿರ ಕೂಸುಗಳಲ್ಲಿ ಎಂಟೊಂಬತ್ತಕ್ಕೆ ಹೃದಯದಲ್ಲಿ ದೋಷವಿರುತ್ತದೆ ಎಂಬ ಲೆಕ್ಕವನ್ನು ಸಭೆಯಿಂದ ಸಭೆಗೆ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಹಗುರ ಮನಸ್ಸಿನಿಂದ ಕೋಣೆಗೆ ಬಂದರೆ, ಬಾಗಿಲಲ್ಲೇ ನಮ್ಮ ಸಿಸ್ಟರ್ ಕಾಗದವೊಂದನ್ನು ಹಿಡಿದು ನಿಂತಿದ್ದರು.

“ಮೇಡಂ, ಒಂದನೇ ತಾರೀಖಿನಿಂದ ನನಗ ಆರ್ಥೋ ವಾರ್ಡ್ ಹಾಕ್ಯಾರ್ರಿ.”

ಆರ್ಥೋ ಎಂದರೆ ಮೂಳೆ ವಿಭಾಗ. ದಾದಿಯರನ್ನು ಆರು ತಿಂಗಳಿಗೊಮ್ಮೆ ವಾರ್ಡ್ ಬದಲಿಸುವ ಪದ್ಧತಿ ಇಲ್ಲಿ ಹಳೆಯದು. ಈಕೆಯನ್ನು ಹಟ ಹಿಡಿದು ಮೂರು ಸಲ ನವಜಾತ ಶಿಶುಗಳ ಘಟಕದಲ್ಲಿ ಉಳಿಸಿಕೊಂಡಿದ್ದೆ. ಈ ಸಲ ಪಟ್ಟಿ ತಯಾರಾಗುವ ಹೊತ್ತಿಗೆ ನಾನು ಪ್ರಸ್ತಾವದ ಕಾಗದಗಳಲ್ಲಿ ಮುಳುಗಿದ್ದೆ.

ಕಳೆದ ತಿಂಗಳು ಬಂದ ಗಂಗಾವತಿ ಕಡೆಯ ಕೂಸು ನೆನಪಾಯಿತು. ಹೆರಿಗೆಯಾದ ಮರುದಿನ ಬಲಗೈಗೂ ಕಾಲಿಗೂ ಆಕ್ಸಿಮೀಟರ್ ಹಚ್ಚಿ ನೋಡುವ ರೂಢಿ ಅಲ್ಲಿನವರಿಗಿದ್ದುದರಿಂದಲೇ ಅದು ಪತ್ತೆಯಾಯಿತು. ರಕ್ತದ ಆಮ್ಲಜನಕ ಶೇ. 95 ಇರಬೇಕಾದಲ್ಲಿ 72 ಇತ್ತು. ಎಕೋ ಮಾಡಿದಾಗ ಮಹಾಪಧಮನಿಯೂ ಶ್ವಾಸಕೋಶದ ಅಪಧಮನಿಯೂ ಅದಲುಬದಲಾಗಿದ್ದವು. ಇಂಥ ಕೂಸಿಗೆ ಮೊದಲ ಕೆಲವು ವಾರಗಳೊಳಗೇ ಶಸ್ತ್ರಚಿಕಿತ್ಸೆಯಾಗಬೇಕು, ತಡವಾದರೆ ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡ ಕೆಳಕೋಣೆ, ದೇಹಕ್ಕೆಲ್ಲ ರಕ್ತ ದೂಡುವ ಕಸುವನ್ನೇ ಕಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಆ ಎರಡು ನಾಳಗಳನ್ನು ಜೋಡಿಸುವ ಡಕ್ಟಸ್ ಎಂಬ ಕೊಳವೆ ಮುಚ್ಚಿಕೊಳ್ಳದಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧಿಯನ್ನು ಸಿರಿಂಜ್ ಪಂಪಿನಿಂದ ಹನಿಸುತ್ತಲೇ ಇರಬೇಕು, ಮತ್ತು ಆ ಔಷಧಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ ಸಿರಿಂಜ್ ಬದಲಿಸುವಷ್ಟು ಹೊತ್ತೂ ಅದನ್ನು ನಿಲ್ಲಿಸಬಾರದು. ಅದಕ್ಕೇ ಸಿಸ್ಟರ್ ಮೊದಲ ಸಿರಿಂಜ್ ಮುಗಿಯುವ ಅರ್ಧ ಗಂಟೆ ಮೊದಲೇ ಎರಡನೆಯ ಪಂಪ್ ಸಿದ್ಧಮಾಡಿ, ಅದರ ಬ್ಯಾಟರಿಯನ್ನೂ ನೋಡಿ ಪಕ್ಕಕ್ಕಿಡುತ್ತಾರೆ. ಬೆಂಗಳೂರಿಗೆ ಸಾಗಿಸುವಾಗ ಹಾವೇರಿ ದಾಟುತ್ತಿದ್ದಂತೆ ಕೂಸು ಉಸಿರು ನಿಲ್ಲಿಸಿತು. ಆ ಔಷಧಿಯ ದೊಡ್ಡ ಅಪಾಯವೇ ಅದು. ಜೊತೆಗಿದ್ದ ಕಿರಿಯ ವೈದ್ಯ ಗಾಬರಿಗೊಂಡ. ಸಿಸ್ಟರ್ ಅಂಗಾಲನ್ನು ಬೆರಳಿನಿಂದ ಚಿಮ್ಮಿ, ಅದಕ್ಕೂ ಎಚ್ಚರಾಗದಿದ್ದಾಗ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತತೊಡಗಿದರು. ಕೂಸು ತಾನಾಗಿ ಉಸಿರೆಳೆಯುವ ಹೊತ್ತಿಗೆ ರಾಣೆಬೆನ್ನೂರು ಬಂದಿತ್ತಂತೆ.

“ಪಟ್ಟಿ ಹಾಕುವಾಗ ನೀವು ಏನೂ ಹೇಳಲಿಲ್ಲವೇ?” ಎಂದು ಕೇಳಿದೆ.

“ಹೇಳಿದೆನ್ರಿ. ಎಲ್ಲಾ ವಾರ್ಡೂ ಒಂದ ಅಂದ್ರು.” ಸ್ವಲ್ಪ ತಡೆದು, “ಹೊಸಾ ಹುಡುಗಿಗೆ ಎರಡನೇ ಪಂಪಿನ ವಿಷಯ ಹೇಳಿಕೊಟ್ಟೇನ್ರಿ. ಬರಕೊಂಡಾಳ,” ಎಂದರು.

ಬರೆದುಕೊಂಡರೆ ಬರುವ ವಿದ್ಯೆಯಾಗಿದ್ದರೆ ಚಿಂತೆಯೇ ಇರಲಿಲ್ಲ. ಸಭೆಯಲ್ಲಿ ಕೇರಳದವರು 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯನ್ನು ಎಲ್ಲರೂ ಹೊಗಳಿದರು: ಮಗುವಿನ ಹೆಸರು ಆನ್‌ಲೈನ್‌ನಲ್ಲಿ ದಾಖಲಾಗುತ್ತದೆ, ತಜ್ಞರು ಅದರ ತುರ್ತನ್ನು ಅಳೆದು ಆಸ್ಪತ್ರೆ ಗೊತ್ತುಮಾಡುತ್ತಾರೆ. ಹೊಗಳಬೇಕಾದದ್ದೇ. ಆದರೆ ಆ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಮಗುವಿನ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ನಲವತ್ತು ಪುಟಗಳ ಪ್ರಸ್ತಾವದಲ್ಲಿ ದಾದಿಯರ ಬಗ್ಗೆ ಇರುವುದು ಒಂದೇ ಸಾಲು, ಅದೂ ಸಂಖ್ಯೆ ಮಾತ್ರ. ಬರೆದವಳು ನಾನೇ.

ಊಟ ಮುಗಿಸಿ ದಾದಿಯರ ಮುಖ್ಯಸ್ಥೆಯಾದ ಮೇಟ್ರನ್‌ಗೆ ಪತ್ರ ಬರೆಯಲು ಕುಳಿತೆ. ಹೃದಯ ವಿಭಾಗದ ದಾದಿಯರನ್ನು ಕನಿಷ್ಠ ಮೂರು ವರ್ಷ ಬದಲಿಸಬಾರದು, ಅವರಿಗೆ ಪ್ರತ್ಯೇಕ ಭತ್ಯೆ ಕೊಡಬೇಕು ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಸಿಸ್ಟರ್‌ಗೆ ಇಲ್ಲೇ ಉಳಿಯುವ ಮನಸ್ಸಿದೆಯೇ ಎಂದು ನಾನು ಕೇಳಲೇ ಇಲ್ಲ. ಆರ್ಥೋ ವಾರ್ಡಿನಲ್ಲಿ ರಾತ್ರಿ ಪಾಳಿ ಕಡಿಮೆ, ಅವರ ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ, ಮತ್ತೆ ಕಾಗದ ತೋರಿಸುವಾಗ ಅವರ ಮುಖದಲ್ಲಿದ್ದದ್ದು ಬೇಸರವೋ ಅಥವಾ…